ಶಾಂತಿ ಸಭೆ ಮಾಡಿದರೂ ಎರಡು ಸಮುದಾಯಗಳ ನಡುವೆ ಮತ್ತೆ ಮತ್ತೆ ಯಾಕೆ ಗಲಾಟೆ ಆಗುತ್ತದೆ?

ಸಭೆ ನಡೆಯುವುದು ಒಂದು ದಿನ. ನಂಬಿಕೆ ಹುಟ್ಟಲು ದಿನವೂ ಜೊತೆಗೆ ಮಾಡುವ ಕೆಲಸ ಬೇಕು. ಹಬ್ಬಕ್ಕೆ ಮುಂಚೆ ಮುಖಂಡರು ಠಾಣೆಯಲ್ಲಿ ಟೀ ಕುಡಿದು ಎದ್ದರೆ ಮುಗೀತು, ಅಲ್ವಾ?

ಗಲಭೆ ಹಬ್ಬುವುದು ಹೆಚ್ಚಾಗಿ ಗಾಳಿಸುದ್ದಿಯಿಂದ. ರಾತ್ರಿ ವಾಟ್ಸಾಪ್‌ನಲ್ಲಿ ಏನೋ ಬಂದಾಗ, ಆ ಕಡೆಯವರ ಪರಿಚಯ ಇದ್ದವನು ಫೋನ್ ಮಾಡಿ "ಏನ್ರೀ, ಇದು ನಿಜಾನಾ?" ಅಂತ ಕೇಳಿಬಿಡುತ್ತಾನೆ. ಪರಿಚಯ ಇಲ್ಲದವನು ಹಾಗೇ ಫಾರ್ವರ್ಡ್ ಮಾಡುತ್ತಾನೆ.

ನಮ್ಮ ದಾವಣಗೆರೆಯನ್ನೇ ನೋಡಿ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಲ್ಲಿ ಮುಸ್ಲಿಮರು ಜಾಸ್ತಿ. ಅದೇ ಮಂಡಕ್ಕಿ ಒಗ್ಗರಣೆ ಬಿದ್ದು, ಮೆಣಸಿನಕಾಯಿ ಬಜ್ಜಿ ಜೊತೆ ಎಲ್ಲ ಜಾತಿಯವರ ಅಂಗಡಿಯಲ್ಲೂ ಪ್ಲೇಟಿಗೆ ಬರುತ್ತದೆ. ಭಟ್ಟಿ ಎರಡು ದಿನ ನಿಂತರೆ ಅಂಗಡಿಯವರಿಗೂ ನಷ್ಟ. ಹಾಗಾಗಿ ಜಗಳ ನಿಲ್ಲುವುದು ಇಬ್ಬರಿಗೂ ಬೇಕು.

ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅಲಿಗಢ, ಕಲ್ಲಿಕೋಟೆಯಂಥ ಊರುಗಳನ್ನು ಹೋಲಿಸಿ ಕಂಡದ್ದೂ ಇಂಥದ್ದೇ. ಸುಮ್ನೆ ಅಕ್ಕಪಕ್ಕ ಇದ್ದು ನಮಸ್ಕಾರ ಹೇಳಿಕೊಂಡರೆ ಸಾಲದು. ಇಬ್ಬರೂ ಸದಸ್ಯರಾಗಿರುವ ವರ್ತಕರ ಸಂಘ, ಕಾರ್ಮಿಕ ಸಂಘಗಳು ಇದ್ದ ಕಡೆ ಶಾಂತಿ ಹೆಚ್ಚು ಗಟ್ಟಿ. ಆದರೆ ಅಲ್ಲಿ ಸಮಾನರಾಗಿ ಕೂರಬೇಕು. ಒಬ್ಬ ಯಾವಾಗಲೂ ಮಾಲೀಕ, ಇನ್ನೊಬ್ಬ ಯಾವಾಗಲೂ ಕೂಲಿ ಆದರೆ ಪರಿಚಯ ಬೆಳೆದರೂ ಒಳಗಿನ ಅಸಮಾಧಾನ ಹೋಗುವುದಿಲ್ಲ.