ಕಲ್ಲನ್ನು ನಾಲಿಗೆಗೂ ಹಚ್ಚಿ ನೋಡುತ್ತಿದ್ದವರು

ಪ್ರಶ್ನೆ: ಜರ್ಮನ್ ವಿಜ್ಞಾನಿ ಹಂಬೋಲ್ಟ್ ಬಗ್ಗೆ ಓದುವಾಗ ‘ಜಿಯೊಗ್ನಾಸ್ಟ್’ ಎಂಬ ಹಳೆಯ ಪದ ಸಿಕ್ಕಿತು. ಭೂವಿಜ್ಞಾನಿ ಅಂತಲೇ ಅರ್ಥವೇ? ಈಗ ಯಾಕೆ ಯಾರೂ ಬಳಸುವುದಿಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ಭೂವಿಜ್ಞಾನಿ ಅಂದರೆ ಬಹುಪಾಲು ಸರಿಯೇ. ಆದರೆ ಈ ಪದ ಕೇಳಿದರೆ ನನಗೆ ನೆನಪಾಗುವುದು ಜರ್ಮನಿಯ ಫ್ರೈಬರ್ಗ್. ಬೆಳ್ಳಿ ಗಣಿಗಳ ಊರು. ಗಣಿ ಕೆಲಸ ಕಲಿಸಲೆಂದೇ 1765ರಲ್ಲಿ ಅಲ್ಲೊಂದು ಅಕಾಡೆಮಿ ಶುರುವಾಯಿತು. ಹತ್ತು ವರ್ಷದ ಮೇಲೆ ಅಬ್ರಹಾಂ ವರ್ನರ್ ಅಲ್ಲಿಗೆ ಮೇಷ್ಟ್ರಾಗಿ ಬಂದರು. ಹಂಬೋಲ್ಟ್, ಲಿಯೋಪೋಲ್ಡ್ ಫಾನ್ ಬೂಖ್ ಇಬ್ಬರೂ ಅವರ ಶಿಷ್ಯರು. ಭೂಮಿ ಹೇಗೆ ಹುಟ್ಟಿತು ಅಂತ ಸುಮ್ನೆ ಊಹಿಸಬೇಡಿ, ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕೂತಿದೆ ನೋಡಿ ಎನ್ನುವುದು ಈ ಬಳಗದ ಪಟ್ಟು. ಜಿಯೊಗ್ನಾಸ್ಟ್ ಎಂಬುದು ಇವರದೇ ಪದ.

ವರ್ನರ್ ಕಲ್ಲು ಗುರುತಿಸುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಬಣ್ಣ, ಹೊಳಪು, ಗಡಸುತನ, ವಾಸನೆ, ರುಚಿ ಎಲ್ಲವನ್ನೂ ನೋಡುತ್ತಿದ್ದರು. 1774ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ನಾನು ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಮೊದಲ ಪ್ರಾಕ್ಟಿಕಲ್ ಇದೇ. ಸಂಡೂರಿನ ಕಬ್ಬಿಣದ ಅದಿರು ಕಪ್ಪಗೆ, ಉಕ್ಕಿನ ಹಾಗೆ ಹೊಳೆಯುತ್ತದೆ. ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಗೆರೆ ಮಾತ್ರ ಕೆಂಪು! ಆಗ ಹುಡುಗರ ಮುಖ ನೋಡಬೇಕು. ಬಳಪದ ಕಲ್ಲು ಬೆರಳಿಗೆ ನುಣುಪಾಗಿ ಜಾರುತ್ತದೆ. ಒಣಗಿದ ಬಿಳಿ ಜೇಡಿ ನಾಲಿಗೆಗೆ ಅಂಟಿಕೊಳ್ಳುತ್ತದೆ.

ಮತ್ತೆ ಪದ ಯಾಕೆ ಮರೆಯಾಯಿತು? ವರ್ನರ್‌ಗೆ ನೀರಿನ ಮೇಲೆ ನಂಬಿಕೆ ಜಾಸ್ತಿ. ಭೂಮಿಯನ್ನೆಲ್ಲ ಮುಚ್ಚಿದ್ದ ಸಮುದ್ರದ ತಳದಲ್ಲಿ ಕಲ್ಲುಗಳು ಪದರಪದರವಾಗಿ ಕೂತವು, ಬೆಸಾಲ್ಟ್ ಎಂಬ ಕಪ್ಪು ಕಲ್ಲು ಕೂಡ ಹಾಗೇ ಎಂದರು. ಸ್ಯಾಕ್ಸನಿಯ ಶೈಬೆನ್‌ಬರ್ಗ್ ಗುಡ್ಡದಲ್ಲಿ ಮರಳು, ಜೇಡಿಯ ಮೇಲೆ ಬೆಸಾಲ್ಟ್ ಇದ್ದದ್ದು ಕಂಡು ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಫ್ರಾನ್ಸಿನ ಓವೆರ್ನ್‌ನಲ್ಲಿ ಅದೇ ಬೆಸಾಲ್ಟ್ ಆರಿಹೋದ ಜ್ವಾಲಾಮುಖಿಯ ಬಾಯಿಂದ ಹರಿದು ಬಂದದ್ದು ಕಣ್ಣಿಗೇ ಕಾಣುತ್ತದೆ. 1802ರಲ್ಲಿ ಬೂಖ್ ಅಲ್ಲಿ ಓಡಾಡಿದರು. ಗುರುಗಳ ಮಾತು ಇಲ್ಲಿ ನಡೆಯುವುದಿಲ್ಲ ಎಂದು ಒಪ್ಪಿಕೊಂಡರು. ಕಲ್ಲು ಇರುವಲ್ಲಿಗೇ ಹೋಗಿ ನೋಡುವುದನ್ನು ಕಲಿಸಿದ್ದೂ ಆ ಗುರುಗಳೇ ಅಲ್ವಾ? ಹಾಗಾಗಿ ಇದನ್ನು ವರ್ನರ್ ಸೋಲು ಎನ್ನಲು ನನಗೆ ಮನಸ್ಸಿಲ್ಲ.

ನೀರಿನ ವಾದ ಹಿಂದೆ ಸರಿದ ಹಾಗೆ ಅವರ ಬಳಗದ ಪದವೂ ಹಿಂದೆ ಸರಿಯಿತು, ಜಿಯಾಲಜಿ ಎಂಬ ಹೆಸರು ನಿಂತಿತು. ಹಂಬೋಲ್ಟ್ ಮಾತ್ರ 1823ರ ತಮ್ಮ ಪುಸ್ತಕದ ಹೆಸರಿನಲ್ಲೂ ಹಳೆಯ ಪದವನ್ನು ಬಿಡಲಿಲ್ಲ. ಮುಂದೆ ಅದು ಸಿಕ್ಕಾಗ, ಫ್ರೈಬರ್ಗ್ ಪಾಠದಲ್ಲಿ ಪಳಗಿದವರು ಎಂದುಕೊಂಡೇ ಓದಿ.