ಓದುಗರ ಪ್ರಶ್ನೆ: ನಾಲ್ಕು ಟನ್ ಎಳೆಯುವ ವಿಂಚ್ ಎರಡು ಟನ್ ಜೀಪನ್ನು ಏಕೆ ಎಳೆಯಲಿಲ್ಲ?

ಪ್ರಶ್ನೆ: ನಮ್ಮ ಕಾಫಿ ತೋಟದ ಜೀಪಿನ ಮುಂಭಾಗದಲ್ಲಿ 9,500 ಪೌಂಡ್ ಸಾಮರ್ಥ್ಯದ ವಿದ್ಯುತ್ ವಿಂಚ್, ಅಂದರೆ ಹಗ್ಗ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ಯಂತ್ರ ಇದೆ. ಕಳೆದ ಮಳೆಗಾಲದಲ್ಲಿ ಸುಮಾರು ಎರಡು ಟನ್ ತೂಕದ ಜೀಪು ಕೆಸರಿನಲ್ಲಿ ಹೂತಾಗ, ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಉಕ್ಕಿನ ಹಗ್ಗ ಸುತ್ತಿ, ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಿ ಎಳೆದೆವು. ವಿಂಚ್ ಮುಕ್ಕರಿದು ನಿಂತಿತು, ಹಗ್ಗದ ಕೆಲವು ಎಳೆಗಳೂ ಹರಿದವು. ತಪ್ಪು ಎಲ್ಲಿ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: 9,500 ಪೌಂಡ್, ಅಂದರೆ ಸುಮಾರು 4,300 ಕಿಲೋ ಎಂಬುದು ಡ್ರಮ್ಮಿನಲ್ಲಿ (ಹಗ್ಗ ಸುತ್ತಿಕೊಳ್ಳುವ ಉರುಳೆಯಲ್ಲಿ) ಹಗ್ಗದ ಮೊದಲ ಪದರವಷ್ಟೇ ಉಳಿದಿರುವಾಗಿನ ಲೆಕ್ಕ. ಪದರದ ಮೇಲೆ ಪದರ ಕೂತಂತೆ ಸುತ್ತಳತೆ ಹಿಗ್ಗುತ್ತದೆ, ಮೋಟಾರಿನ ಶಕ್ತಿ ಮಾತ್ರ ಅಷ್ಟೇ ಇರುವುದರಿಂದ ಎಳೆತ ಕುಗ್ಗುತ್ತಾ ಬಂದು, ನಾಲ್ಕನೆಯ ಪದರದ ಹೊತ್ತಿಗೆ ಅರ್ಧಕ್ಕಿಂತ ತುಸು ಹೆಚ್ಚು ಉಳಿದೀತು. ಮರ ಹತ್ತಿರವಿದ್ದುದರಿಂದ ನೀವು ಹಗ್ಗವನ್ನು ಹೆಚ್ಚು ಬಿಚ್ಚಿರಲಾರಿರಿ. ಅದರ ಜೊತೆಗೆ, ಚಾಸಿಯವರೆಗೆ, ಅಂದರೆ ಅಡಿಚೌಕಟ್ಟಿನವರೆಗೆ ಹೂತ ವಾಹನವನ್ನು ಕೆಸರು ಅದರ ತೂಕಕ್ಕಿಂತಲೂ ಹೆಚ್ಚಿನ ಬಲದಿಂದ ಹಿಡಿದಿಟ್ಟುಕೊಳ್ಳಬಲ್ಲದು. ಆದ್ದರಿಂದ ಮೊದಲು ಗಾಲಿಗಳ ಮುಂದಿನ ಮಣ್ಣನ್ನು ಗುದ್ದಲಿಯಿಂದ ತೆಗೆಯಿರಿ.

ಇಂಥ ಸಂದರ್ಭದಲ್ಲಿ ಮರಕ್ಕೆ ಅಗಲವಾದ ಬೆಲ್ಟ್ ಸುತ್ತಿ, ಅದಕ್ಕೆ ಶ್ಯಾಕಲ್ (ಉಕ್ಕಿನ ಕೊಂಡಿ) ಮೂಲಕ ಸ್ನ್ಯಾಚ್ ಬ್ಲಾಕ್, ಅಂದರೆ ರಾಟೆಯನ್ನು ಜೋಡಿಸಿ, ಹಗ್ಗವನ್ನು ಅದರಲ್ಲಿ ಹಾಯಿಸಿ ಜೀಪಿನ ಚಾಸಿಯ ಗಟ್ಟಿಯಾದ ಕೊಕ್ಕೆಗೇ ತಂದು ಕಟ್ಟಿದರೆ, ವೇಗ ಅರ್ಧವಾಗಿ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಗ್ಗ ಹೆಚ್ಚು ಬಿಚ್ಚುವುದರಿಂದ ಪದರದ ಸಮಸ್ಯೆಯೂ ತಗ್ಗುತ್ತದೆ. ಆದರೆ ಆ ಇಮ್ಮಡಿ ಭಾರವಷ್ಟೂ ಮರದ ಮೇಲೆ ಬೀಳುತ್ತದೆ. ಸಿಲ್ವರ್ ಓಕ್ ಪೆಡಸು ಮರ, ಅದರ ಮೇಲೆ ನಿಮ್ಮ ಮೆಣಸಿನ ಬಳ್ಳಿಯೂ ಹಬ್ಬಿರಬಹುದು. ದಪ್ಪ ಬುಡದ ಹಲಸು ಸಿಕ್ಕರೆ ಒಳ್ಳೆಯದು, ಬೆಲ್ಟ್ ಅದರ ಬುಡದಲ್ಲೇ ಇರಲಿ.

ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಿದ್ದೇ ಎಳೆಗಳು ಹರಿಯಲು ಕಾರಣ: ಆ ಒಂದು ಬಿಂದುವಿನಲ್ಲಿ ಹಗ್ಗ ಕಡಿದಾಗಿ ಬಾಗಿ ಜಜ್ಜಿಹೋಗುತ್ತದೆ. ಎಳೆ ಹರಿದ ಆ ಹಗ್ಗವನ್ನು ಇನ್ನು ಬಳಸಬೇಡಿ. ಹೊಸದಕ್ಕೆ ಸಿಂಥೆಟಿಕ್ ಹಗ್ಗವನ್ನೂ ಪರಿಗಣಿಸಬಹುದು. ತೀರ ಹಗುರವಾದ್ದರಿಂದ ತುಂಡಾದಾಗ ಅದು ಉಕ್ಕಿನಷ್ಟು ಬಿರುಸಾಗಿ ಬೀಸುವುದಿಲ್ಲ, ಆದರೆ ಬಿಸಿಲು ಮತ್ತು ಕಲ್ಲಿನ ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಡ್ರಮ್ಮಿನಲ್ಲಿ ಉಕ್ಕಿನ ಹಗ್ಗವಾದರೆ ಕನಿಷ್ಠ 5, ಸಿಂಥೆಟಿಕ್ ಆದರೆ 10 ಸುತ್ತು ಯಾವಾಗಲೂ ಉಳಿದಿರಬೇಕು, ಏಕೆಂದರೆ ಭಾರವನ್ನು ಹಿಡಿಯುವುದು ಆ ಸುತ್ತುಗಳ ಬಿಗಿತವೇ ಹೊರತು ತುದಿಯ ಪುಟ್ಟ ಬೋಲ್ಟ್ ಅಲ್ಲ.

ಹಗ್ಗ ತುಂಡಾಗಿ ಬೀಸಿದರೂ ಅಪಾಯವಾಗದಂತೆ, ಎಳೆಯುವಾಗ ಹಗ್ಗದ ನಡುಭಾಗಕ್ಕೆ ಒದ್ದೆ ಗೋಣಿಚೀಲಗಳನ್ನು ಹೊದಿಸಿ, ಬಾನೆಟ್ ಎತ್ತಿಡಿ, ಬಿಚ್ಚಿದ ಹಗ್ಗದ ಉದ್ದಕ್ಕಿಂತಲೂ ದೂರಕ್ಕೆ ಎಲ್ಲರನ್ನೂ ಕಳುಹಿಸಿ. ನಮ್ಮ ತೋಟಗಳಲ್ಲಿ ಆಳುಗಳು ಬಿಗಿದ ಹಗ್ಗವನ್ನು ಬೇಲಿಯಂತೆ ದಾಟುವುದನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಎಂಜಿನ್ ಚಾಲನೆಯಲ್ಲೇ ಇರಲಿ. ಪೂರ್ಣ ಭಾರದಲ್ಲಿ ಇಂಥ ಮೋಟಾರು ಬ್ಯಾಟರಿಯಿಂದ 400 ಆಂಪಿಯರ್‌ವರೆಗೂ ಹೀರುವುದುಂಟು, ಹಾಗಾಗಿ ನಡುನಡುವೆ ನಿಲ್ಲಿಸಿ ಅದು ತಣಿಯಲು ಬಿಡಿ. ಕೆಲಸ ಮುಗಿದ ಮೇಲೆ ಚರ್ಮದ ಕೈಗವಸು ತೊಟ್ಟು, ಹಗ್ಗವನ್ನು ಸ್ವಲ್ಪ ಬಿಗಿಯಲ್ಲೇ ಸಾಲಾಗಿ ಸುತ್ತಿ. ಕೊನೆಯ ಒಂದು ಗಜ ಬಂದಾಗ ಕೈಯನ್ನು ಡ್ರಮ್ಮಿನ ಬಳಿ ಒಯ್ಯದೆ, ಕೊಕ್ಕೆಗೆ ಕಟ್ಟಿದ ಪಟ್ಟಿಯನ್ನು ಹಿಡಿದು ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಿ.