ಮುರಿದ ಮಣ್ಣಿನ ಕುದುರೆಗಳು

ತಮಿಳುನಾಡಿನ ಪುದುಕ್ಕೋಟ್ಟೈ ಕಡೆ ಹಳ್ಳಿಯಾಚೆಯ ತೋಪಿನಲ್ಲಿ ಸಾಲುಗಟ್ಟಿ ನಿಂತ ಮಣ್ಣಿನ ಕುದುರೆಗಳನ್ನು ಕಂಡು, "ಮುರಿದವನ್ನು ಯಾರೂ ಏಕೆ ಸರಿಪಡಿಸುವುದಿಲ್ಲ?" ಎಂದು ಕೇಳಿದ್ದೀರಿ. ಅದು ಅಲಕ್ಷ್ಯವಲ್ಲ. ಅವು ಊರ ಗಡಿ ಕಾಯುವ ದೇವರಾದ ಅಯ್ಯನಾರ್‌ಗೆ ಒಪ್ಪಿಸಿದ ಹರಕೆಯ ಕುದುರೆಗಳು. ರಾತ್ರಿ ಅವನು ಅವುಗಳನ್ನೇರಿ ಊರು ಸುತ್ತುತ್ತಾನೆಂಬುದು ನಂಬಿಕೆ. ಒಮ್ಮೆ ಒಪ್ಪಿಸಿದ ಮೇಲೆ ಮಳೆಬಿಸಿಲಿಗೆ ಸವೆದು ಮತ್ತೆ ಮಣ್ಣಾಗುವುದೇ ಅವುಗಳ ಪಾಡು. ಮುಂದಿನ ಉತ್ಸವಕ್ಕೆ ಹೊಸವು ಬರುತ್ತವೆ.

ಮಾಡುವವರು ವೇಳಾರ್ ಎಂಬ ಕುಂಬಾರರು. ಹಲವೆಡೆ ಪೂಜಾರಿಗಳೂ ಅವರೇ. ಊರವರು ಒಂದು ಹಿಡಿ ಮಣ್ಣು ಕೊಟ್ಟರೆ ಕೆಲಸ ಒಪ್ಪಿಸಿದಂತೆ. ಅದನ್ನು 'ಪಿಡಿಮಣ್' ಎನ್ನುತ್ತಾರೆ. ಸುಟ್ಟ ಕುದುರೆಗಳಿಗೆ ಬಣ್ಣ ಹಚ್ಚಿ, ಮೆರವಣಿಗೆಯಲ್ಲಿ ಹೊತ್ತು ತರುವ ಹಬ್ಬವೇ 'ಪುರವಿ ಎಡುಪ್ಪು'. ಪುರವಿ ಎಂದರೆ ಕುದುರೆ.

ಇನ್ನು, ಬಲಿ ಕೊಡುವುದು ಅಯ್ಯನಾರ್‌ಗೇ ಎಂಬ ನಿಮ್ಮ ಊಹೆ ತಪ್ಪು. ಅವನು ಸಸ್ಯಾಹಾರಿ. ಆಡು, ಕೋಳಿ ಸಲ್ಲುವುದು ಪಕ್ಕದ ಕರುಪ್ಪಸ್ವಾಮಿಯಂಥ ಕಾವಲು ದೈವಗಳಿಗೆ. ಆ ಹೊತ್ತಿನಲ್ಲಿ ಅಯ್ಯನಾರ್ ಮುಂದೆ ಪರದೆ ಎಳೆಯುವುದೂ ಉಂಟು.

ಅಂದ ಹಾಗೆ, ಬಿದ್ದ ಚೂರೊಂದನ್ನು ನೆನಪಿಗೆಂದು ಮನೆಗೆ ತರುವ ಯೋಚನೆ ಬಿಡಿ. ಅದು ದೇವರ ಸ್ವತ್ತು.